ಯಾವ ರೈಫಲ್ ಒಳ್ಳೇದು ಅಂತ ಕೇಳೋರಿಗೆ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡೀತಾ ನಿಂತಿದ್ವಿ. ಆಫೀಸಿನ ಗೆಳೆಯ ಕೇಳಿದ, "ಊರಲ್ಲಿ ಹಂದಿ ಕಾಟ ಮಾರಾಯ, ನಂಬಿಕಸ್ತ ಬೋಲ್ಟ್ ಆಕ್ಷನ್ ರೈಫಲ್ ಯಾವುದು?" ಕೇಳಿದ್ದಷ್ಟೇ ಅಲ್ಲ, ಮೊಬೈಲು ತೆಗೆದು ಅಮೆರಿಕದವರ ವಿಡಿಯೋ ಬೇರೆ ತೋರಿಸಿದ. ಸಾವಿರ ಗಜ ದೂರದ ಗುರಿಯಂತೆ! ನನಗೆ ರೇಗಿಹೋಯ್ತು...

ಸ್ವಾಮಿ, ನಮ್ಮಲ್ಲಿ ಶಿಕಾರಿ ಅನ್ನೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಮುಗಿದ ಕಥೆ. ಬೆಳೆ ತಿನ್ನೋ ಹಂದಿ ಹೊಡೆಯೋಕೂ ಅದರ 11ನೇ ಕಲಮಿನಡಿ ಲಿಖಿತ ಅನುಮತಿ ಬೇಕು. ಕೋವಿಯ ಲೈಸೆನ್ಸ್ ಬೇರೆ, ಈ ಅನುಮತಿ ಬೇರೆ. "ಕೊಡಗಿನವರಿಗೆ?" ಅಂತೀರಾ? ಅವರಿಗಿರೋದು ಕೋವಿ ಇಟ್ಕೊಳ್ಳೋಕೆ ಲೈಸೆನ್ಸಿನಿಂದ ವಿನಾಯಿತಿ. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡೀತು. ಅದು ಬೇಟೆಗೆ ಕೊಟ್ಟ ರಹದಾರಿ ಅಲ್ಲ.

ಇನ್ನು ಯಂತ್ರದ ಮಾತು. ಬೋಲ್ಟ್ ಆಕ್ಷನ್ ನಂಬಿಕಸ್ತ ಯಾಕೆ? ಸರಳ ಅದಕ್ಕೆ. ಬಾಗಿಲ ಚಿಲಕದ ಹಾಗೆ ಎತ್ತು, ಎಳೆ, ದೂಡು, ಇಳಿಸು. ಮೌಸರ್ 1898ರಲ್ಲೇ ಈ ವಿನ್ಯಾಸ ಪಕ್ಕಾ ಮಾಡಿಟ್ಟ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು ಸರ್ಕಾರಿ ಆರ್ಡ್ನೆನ್ಸ್ ಕಾರ್ಖಾನೆಯ .315, ಹಳೇ ಲೀ-ಎನ್‌ಫೀಲ್ಡ್ ವಂಶದ್ದು. ನೋಡೋಕೆ ಒರಟು, ಆದರೆ ತೋಟಾ ಸಿಗುತ್ತೆ. ತೋಟಾನೇ ಸಿಗದ ವಿದೇಶಿ ರೈಫಲ್ಲು, ಬರೆದವನೇ ಬಿಟ್ಟುಹೋದ ಕೋಡಿನ ಹಾಗೆ. ಚೆಂದ ಇರುತ್ತೆ, ಯಾರಿಗೂ ಉಪಯೋಗ ಇಲ್ಲ :-)

ತೇಜಸ್ವಿ ಕನ್ನಡಕ್ಕೆ ತಂದ ಕೆನ್ನೆತ್ ಆಂಡರ್ಸನ್ ಕಥೆ ಓದಿ ಬಂದೂಕಿನ ಹುಚ್ಚು ಹತ್ತಿಸಿಕೊಂಡೋರು ನಮ್ಮಲ್ಲಿ ಎಷ್ಟು ಜನ! ನಾನೂ ಒಬ್ಬ. ಆದರೆ ಬೆಂಗಳೂರಿನ ಆಂಡರ್ಸನ್ ನೆಚ್ಚಿಕೊಂಡಿದ್ದು ಬೋಲ್ಟ್ ಅಲ್ಲ, ಲಿವರ್ ಆಕ್ಷನ್ನಿನ .405 ವಿಂಚೆಸ್ಟರ್. ಕಾರ್ಬೆಟ್‌ದು .275 ರಿಗ್ಬಿ, ಅದು ಮೌಸರ್ ಬೋಲ್ಟ್. ಇಬ್ಬರ ಕಥೆಯಲ್ಲೂ ಕೆಲಸ ಮಾಡಿದ್ದು ಬ್ರ್ಯಾಂಡ್ ಅಲ್ಲ, ಏನಿದೆ ಅಂತ ಕಣ್ಣಾರೆ ಕಾಣೋವರೆಗೂ ಕಾಯೋ ತಾಳ್ಮೆ.

ನನ್ನ ಸಿಟ್ಟು ಇರೋದು ಇಲ್ಲೇ. ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಅಲ್ಲೇ ಬಿದ್ದುಹೋಗಲ್ಲ, ಕಿಲೋಮೀಟರುಗಟ್ಟಲೆ ಹೋಗುತ್ತೆ. ಮಲೆನಾಡಿನಲ್ಲಿ ತೋಟದ ಆಚೆ ಇನ್ನೊಂದು ಮನೆ ಇರುತ್ತೆ. ಸಾವಿರ ಗಜದ ಬಂದೂಕು ಅಲ್ಲಿ ನಂಬಿಕಸ್ತ ಅಲ್ಲ, ಅಪಾಯ.

ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಒಂದು ರಾತ್ರಿ ಚಿಕ್ಕಪ್ಪ ಹಂದಿ ಓಡಿಸೋಕೆ ಒಂಟಿನಳಿಗೆ ಕೋವಿ ಹಿಡಿದು ಹೋಗಿದ್ರು. ಅಡಿಕೆ ಮರಗಳ ನಡುವೆ ಏನೋ ಸರಿದಾಡಿತು. ಕೋವಿ ಎತ್ತಿದ್ರು. ಅಷ್ಟರಲ್ಲಿ ಒಂದು ಕೆಮ್ಮು ಕೇಳಿಸ್ತು. ಪಂಪ್ ಆಫ್ ಮಾಡೋಕೆ ಬಂದಿದ್ದ ನಮ್ಮ ತೋಟದ ಆಳು! ಅವತ್ತು ಅವನಿಗೆ ಶೀತ ಆಗಿರದಿದ್ರೆ?

ಚಿಕ್ಕಪ್ಪ ಮುಂದಿನ ವರ್ಷವೇ ಸೋಲಾರ್ ಬೇಲಿ ಹಾಕಿಸಿದ್ರು. ಬಳ್ಳಿ ಹಬ್ಬಿದ್ರೆ ಕರೆಂಟು ಹೋಗುತ್ತೆ, ಸವರ್ತಾನೇ ಇರಬೇಕು, ಬೇಜಾರಿನ ಕೆಲಸ. ಆದ್ರೆ ಬೇಲಿ ಮುಟ್ಟಿದ ಮನುಷ್ಯ ಬೈದುಕೊಂಡು ಮನೆಗೆ ಹೋಗ್ತಾನೆ. ಗುಂಡು ತಗುಲಿದೋನು?

ಬೆಳೆ ಹೋದವನ ಸಂಕಟ ನನಗೆ ಗೊತ್ತು, ಬಿಟಿಎಂ ಲೇಔಟಿನ ಬಾಲ್ಕನಿಯಲ್ಲಿ ಕೂತು ಉಪದೇಶ ಮಾಡ್ತಿಲ್ಲ. ಅನುಮತಿ ಸಿಕ್ಕರೆ, ಹೊಡೆಯಲೇಬೇಕು ಅಂದ್ರೆ, ಪಳಗಿದವರು ಹೊಡೀಲಿ. ವಿಡಿಯೋ ನೋಡಿ ಶನಿವಾರ ಬಸ್ಸು ಹತ್ತೋ ನಾವಲ್ಲ.

ನೀವೇನಂತೀರಿ?