ಬಾಯಿಲ್ಲದ ಪೇಟಿ

ಹಣ ತೆತ್ತು ತಂದ ವಾದ್ಯವು ಮನೆಗೆ ಬಂದ ದಿನ ಸದ್ದನ್ನೇ ಮಾಡದಿದ್ದರೆ ಮನೆಯವರ ಮುಖ ಹೇಗಾದೀತು? ಇಳಕಲ್ಲಿನ ನೇಕಾರರ ಓಣಿಯಲ್ಲಿ ಇಂಥದೊಂದು ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಪಡಸಾಲೆಯ ಒಂದು ಮಗ್ಗುಲಿಗೆ ಮಗ್ಗ; ಇನ್ನೊಂದು ಮಗ್ಗುಲಿಗೆ ಹಳೆಯ ಸೀರೆಯ ಸೆರಗನ್ನು ಹೊದ್ದು ಕುಳಿತ ಹಾರ್ಮೋನಿಯಂ. ಅಜ್ಜನವರು ಹರೆಯದಲ್ಲಿ ನಾಟಕದ ಕಂಪನಿಗಳೊಡನೆ ಊರೂರು ಅಲೆದು ಪೇಟಿ ನುಡಿಸಿದವರು. ಅವರ ಬೆರಳುಗಳಲ್ಲಿ ಉಳಿದಿರುವ ರಂಗಗೀತೆಗಳು ಅವರೊಂದಿಗೇ ಹೋಗಿಬಿಡಬಾರದೆಂದು, ಬಾಗಲಕೋಟೆಯ ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗನು ಕೂಡಿಟ್ಟ ಹಣದಲ್ಲಿ 25 ಪಟ್ಟಿಗಳ ಪುಟ್ಟದೊಂದು ಮಿಡಿ ಕೀಬೋರ್ಡನ್ನು ತರಿಸಿದ್ದಾನೆ. ಅಜ್ಜನವರು ಕೈ ತೊಳೆದು ಬಂದು, ಸೆರಗಿನ ಮೇಲೆ ಅದನ್ನಿರಿಸಿ, ಷಡ್ಜವನ್ನು ಒತ್ತಿದರು. ಸದ್ದಿಲ್ಲ. ಪಂಚಮವನ್ನು ಒತ್ತಿದರು. ಅದೂ ಇಲ್ಲ.

"ಇದಕ್ಕ ಗಾಳಿ ಎಲ್ಲಿಂದ ಹೊಡೀಬೇಕೋ, ತಮ್ಮಾ?"

"ಗಾಳಿ ಬ್ಯಾಡ ಅಜ್ಜಾ. ಕಂಪ್ಯೂಟರಿಗೆ ವೈರು ಹಚ್ಚಬೇಕು. ದನಿ ಅದರಾಗಿಂದ ಬರ್ತದ."

"ಹಂಗಾದ್ರ ಇದು ಪೇಟಿ ಅಲ್ಲ. ಪೇಟಿಯ ಹಲ್ಲಿನ ಸೆಟ್ಟು!"

ಅಜ್ಜನವರು ವಿನೋದಕ್ಕಾಗಿ ಆಡಿದ ಮಾತಾದರೂ ಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಮಿಡಿ ಎಂಬುದು ವಾದ್ಯಗಳು ಒಂದಕ್ಕೊಂದು ಮಾತನಾಡಿಕೊಳ್ಳಲೆಂದು ಮಾಡಿಕೊಂಡ ಒಡಂಬಡಿಕೆ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಅದು ಬಳಕೆಗೆ ಬಂದಿತು. ಪಟ್ಟಿಯನ್ನು ಒತ್ತಿದಾಗ ಕೀಬೋರ್ಡು ಕಳುಹಿಸುವುದು ನಾದವನ್ನಲ್ಲ, ಅಂಕಿಗಳನ್ನು: ಯಾವ ಪಟ್ಟಿ, ಎಷ್ಟು ರಭಸ, ಬೆರಳು ಎದ್ದದ್ದು ಯಾವಾಗ. ಆ ಅಂಕಿಗಳಿಗೆ ದನಿ ಕೊಡುವುದು ಕಂಪ್ಯೂಟರಿನ ಕೆಲಸ. ಅದು ಬಯಸಿದರೆ ಪೇಟಿಯ ದನಿ, ಬಯಸಿದರೆ ಪಿಟೀಲಿನ ದನಿ.

ದನಿಯಿಲ್ಲದ ಈ ಯಂತ್ರವನ್ನು ಇಳಕಲ್ಲಿನಂಥ ಊರಿನ ಮನೆಗೆ ತರುವುದರಲ್ಲಿ ಒಂದು ವಿಶೇಷ ಲಾಭವುಂಟು. ಪೇಟಿಯ ಮುಂದೆ ಮೈಕನ್ನಿರಿಸಿ ಧ್ವನಿಮುದ್ರಣ ಮಾಡಿದರೆ ಲಾಳಿಯ ಸದ್ದು, ಪಕ್ಕದ ಮನೆಯ ಪವರ್‌ಲೂಮಿನ ಗದ್ದಲ, ಬೀದಿಯ ಮೋಟಾರುಗಳ ಹಾರನ್ನು ಎಲ್ಲವೂ ರಾಗದೊಳಗೆ ಬಂದು ಕುಳಿತುಕೊಳ್ಳುತ್ತವೆ. ಮಿಡಿ ಕೀಬೋರ್ಡಿಗೆ ಬಾಯಿಲ್ಲದಂತೆ ಕಿವಿಯೂ ಇಲ್ಲ. ಓಣಿಯ ಮಗ್ಗಗಳೆಲ್ಲ ನಡೆಯುತ್ತಿದ್ದರೂ ಬೆರಳುಗಳ ನಡೆಯೊಂದೇ ದಾಖಲಾಗುವುದು. ಹಾಡಿಗೆ ಮಾತ್ರ ಮೈಕು ಬೇಕೇ ಬೇಕು. ಅದನ್ನು ರಾತ್ರಿ ಮಗ್ಗ ನಿಂತ ಮೇಲೆ ಮುದ್ರಿಸಿಕೊಂಡರಾಯಿತು.

ಆದರೆ ಯಾವ ಕೀಬೋರ್ಡು? ಅಂಗಡಿಯವನ ಮಾತು ಪಾಶ್ಚಾತ್ಯ ಸಂಗೀತ ಮಾಡುವವರನ್ನು ಮನದಲ್ಲಿಟ್ಟುಕೊಂಡದ್ದು. ಈ ಸೀಮೆಯ ಕಿವಿಗೆ ಪೇಟಿಯ ನಾದ ಎಷ್ಟು ಆಳವಾಗಿ ಇಳಿದಿದೆಯೆಂಬುದು ಅವನಿಗೆ ತಿಳಿದಿರಬೇಕಾಗಿಯೂ ಇಲ್ಲ. 'ರಕ್ತರಾತ್ರಿ'ಯನ್ನು ಬರೆದು ಕರ್ನಾಟಕದ ಶೇಕ್ಸ್‌ಪಿಯರ್ ಎನಿಸಿಕೊಂಡ ಕಂದಗಲ್ಲ ಹನುಮಂತರಾಯರು ಹುನಗುಂದ ಸೀಮೆಯವರು. ರಾಜಕುಮಾರರ 1974ರ ಚಿತ್ರಕ್ಕೆ ಮೂಲವಾದ 'ಸಂಪತ್ತಿಗೆ ಸವಾಲ್' ನಾಟಕದ ಕರ್ತೃ ಧುತ್ತರಗಿಯವರು ಅದೇ ಸೀಮೆಯ ಸೂಳೇಭಾವಿಯವರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯ ತೇರು ಎಳೆದಾದ ಮೇಲೂ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ವಾರಗಟ್ಟಲೆ ತುಂಬಿರುತ್ತವೆ. ಇಂಥ ನಾಡಿನಲ್ಲಿ ಕೀಬೋರ್ಡನ್ನು ಆರಿಸುವವನು ಮೊದಲು ಪೇಟಿಯನ್ನು ಕೇಳಬೇಕು.

ಪಟ್ಟಿಗಳ ಲೆಕ್ಕದಿಂದಲೇ ಪ್ರಾರಂಭಿಸಬಹುದು. ಪೇಟೆಯಲ್ಲಿ ಹೆಚ್ಚಾಗಿ ಕಾಣಸಿಗುವುದು 25 ಪಟ್ಟಿಯದು. ಅಗ್ಗವೂ ಹೌದು, ಚೀಲದಲ್ಲಿಯೂ ಹಿಡಿಸುತ್ತದೆ. 25 ಪಟ್ಟಿಯೆಂದರೆ ಸರಿಯಾಗಿ ಎರಡು ಸಪ್ತಕ. ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಹಾಡುವವನಿಗೂ ಬೇಕಾದದ್ದು ಎರಡೇ ಸಪ್ತಕವಲ್ಲವೆ ಎಂದು ತೋರುವುದು ಸಹಜ. ಮೋಸವಿರುವುದು ಇಲ್ಲಿಯೇ. ಈ ಕೀಬೋರ್ಡುಗಳು ಸಾಮಾನ್ಯವಾಗಿ ಬಿಳಿ ಒಂದರಿಂದ ತೊಡಗಿ ಬಿಳಿ ಒಂದಕ್ಕೇ ಮುಗಿಯುತ್ತವೆ. ಮೈಕಿಲ್ಲದ ಕಾಲದ ರಂಗನಟರಂತೆ ಏರು ಶ್ರುತಿಯಲ್ಲಿ, ಕರಿ ನಾಲ್ಕನ್ನು ಷಡ್ಜ ಮಾಡಿಕೊಂಡು ನುಡಿಸಲು ಕುಳಿತರೆ, ಮಂದ್ರ ಪಂಚಮವೇನೋ ಎಡಗಡೆ ಸಿಕ್ಕುತ್ತದೆ. ಬಲಗಡೆ ತಾರ ಗಾಂಧಾರಕ್ಕೆ ಬರುವಷ್ಟರಲ್ಲಿ ಪಟ್ಟಿಗಳು ತೀರಿ ಬೆರಳು ಅಂಚಿಗೆ ತಾಗುತ್ತದೆ. ನಾಯಕನು ಕೈಯೆತ್ತಿ ಮೇಲಿನ ಪಂಚಮಕ್ಕೆ ಏರುವ ಸಮಯಕ್ಕೇ ಪೇಟಿ ಮುಗಿದುಹೋದಂತೆ! ಸಪ್ತಕವನ್ನು ಬದಲಿಸುವ ಗುಂಡಿ ಇದೆ, ನಿಜ. ತಾನಿನ ಮಧ್ಯದಲ್ಲಿ ಗುಂಡಿ ಹುಡುಕುವ ಪೇಟಿ ಮಾಸ್ತರನನ್ನು ಪ್ರೇಕ್ಷಕರು ಸುಮ್ಮನೆ ಬಿಟ್ಟಾರೆ?

37 ಪಟ್ಟಿಯದಾದರೆ ಮೂರು ಸಪ್ತಕ ದೊರೆತು ಈ ತಾಪತ್ರಯವಿಲ್ಲ. ಕೈಪೇಟಿಗೂ ಸಾಮಾನ್ಯವಾಗಿ ಮೂರು, ಮೂರೂವರೆ ಸಪ್ತಕಗಳೇ ಇರುತ್ತವೆ. ಎರಡೂ ಕೈಗಳಿಂದ ನುಡಿಸುವವರಿಗೆ 49 ಒಳ್ಳೆಯದು. 88 ಪಟ್ಟಿಯ, ಸುತ್ತಿಗೆಯ ಭಾರವನ್ನು ಅನುಕರಿಸುವ ದೊಡ್ಡ ಕೀಬೋರ್ಡು ಪಿಯಾನೋ ಕಲಿತವರಿಗಿರಲಿ. ಪೇಟಿಯ ಹಗುರ ಪಟ್ಟಿಗೆ ಒಗ್ಗಿದ ಬೆರಳು ಅಲ್ಲಿ ದಣಿಯುವುದಲ್ಲದೆ ಹಣವೂ ವ್ಯರ್ಥ. 'ಮಿನಿ' ಎಂಬ ಹೆಸರಿನ ಸಣ್ಣ ಪಟ್ಟಿಗಳ ಬಗೆಗಂತೂ ಎಚ್ಚರವಿರಬೇಕು. ಹಿರಿಯರ ಬೆರಳು ಅಲ್ಲಿ ಒಂದು ಸ್ವರವನ್ನು ಕೇಳಿ ಎರಡನ್ನು ಪಡೆಯುತ್ತದೆ.

ಪಟ್ಟಿಗಳಿಗಿಂತ ಮುಖ್ಯವಾದ ಮಾತೊಂದಿದೆ. ಅಂಗಡಿಯಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. ಪೇಟಿ ಹುಟ್ಟಿದ್ದು ಯುರೋಪಿನಲ್ಲಿ, ಕಾಲಿನಿಂದ ತಿದಿಯೊತ್ತುವ ವಾದ್ಯವಾಗಿ. ಅದನ್ನು ನೆಲದ ಮೇಲೆ ಕುಳಿತು ನುಡಿಸುವ ಕೈಪೇಟಿಯಾಗಿ ಮಾರ್ಪಡಿಸಿದವರು ಕಲಕತ್ತೆಯ ದ್ವಾರಕಾನಾಥ ಘೋಷರೆಂದು ಹೇಳುತ್ತಾರೆ. ಅಂದಿನಿಂದ ಬಲಗೈ ಸ್ವರವನ್ನು ಆಡಿದರೆ ಎಡಗೈ ಉಸಿರನ್ನು ಆಡುತ್ತ ಬಂದಿದೆ. ಸ್ವರವೊಂದು ಮೆಲ್ಲಗೆ ಎದ್ದು, ತುಂಬಿ, ತಗ್ಗುವುದೆಲ್ಲ ತಿದಿಯ ಮಹಿಮೆ. ಪೇಟಿಯ ಪಟ್ಟಿಯನ್ನು ಗುದ್ದಿದರೂ ಸವರಿದರೂ ದನಿ ಒಂದೇ. ಮಿಡಿ ಕೀಬೋರ್ಡಿನಲ್ಲಿ ಇದು ತಿರುವುಮುರುವು: ಒತ್ತಿದ ರಭಸವೇ ದನಿಯ ಬಲವನ್ನು ನಿರ್ಧರಿಸುತ್ತದೆ. ನಲವತ್ತು ವರ್ಷ ಪೇಟಿಯ ಮೇಲೆ ನಯವಾಗಿ ಓಡಿದ ಬೆರಳು ಇಲ್ಲಿಗೆ ಬಂದು, ಒಂದು ಸ್ವರ ಕೂಗಿ ಮತ್ತೊಂದು ಪಿಸುಗುಟ್ಟುವ ಅವಸ್ಥೆಗೆ ಗುರಿಯಾಗುತ್ತದೆ. ಇಳಕಲ್ಲಿನ ಆ ಮನೆಯಲ್ಲಿಯೂ ವೈರು ಹಚ್ಚಿದ ಮೇಲೆ ಆದದ್ದು ಅದೇ. ಅಜ್ಜನವರು ತಮ್ಮ ಬೆರಳಿಗೇ ವಯಸ್ಸಾಯಿತೆಂದು ತಿಳಿದು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಮೊಮ್ಮಗನ ಮುಖ ಸಣ್ಣದಾಯಿತು. ತಪ್ಪು ಬೆರಳಿನದಾಗಿರಲಿಲ್ಲ.

ಪರಿಹಾರಕ್ಕೆ ಎರಡು ಭಾಗಗಳಿವೆ. ರಭಸದ ಲೆಕ್ಕವನ್ನು ಬಿಟ್ಟು ಎಲ್ಲ ಸ್ವರಗಳಿಗೂ ಒಂದೇ ಬಲವನ್ನು ಕೊಡುವ ಏರ್ಪಾಡು ಎಷ್ಟೋ ಕೀಬೋರ್ಡುಗಳಲ್ಲಿದೆ. ಕೊಳ್ಳುವ ಮುನ್ನ ಅದನ್ನು ಕೇಳಬೇಕು. ಆಮೇಲೆ ತಿದಿಯ ಕೆಲಸಕ್ಕೆ ಬೇರೊಂದನ್ನು ನೇಮಿಸಬೇಕು. ಎಡಗಡೆಯಲ್ಲಿ ಎರಡು ಗಾಲಿಗಳಿರುವ ಕೀಬೋರ್ಡುಗಳುಂಟು; ಪೂರ್ಣ ಅಳತೆಯ ಪಟ್ಟಿಗಳಿರುವ ನೊವೇಶನ್ ಲಾಂಚ್‌ಕೀ 37, ಎಂ-ಆಡಿಯೋ ಕೀಸ್ಟೇಶನ್ 49 ಇವು ಉದಾಹರಣೆಗಳು. ಎರಡನೆಯ ಗಾಲಿಯನ್ನು ಕಂಪ್ಯೂಟರಿನಲ್ಲಿ ದನಿಯ ಏರಿಳಿತಕ್ಕೆ ಜೋಡಿಸಿದರೆ ಎಡಗೈಗೆ ಅದರ ಹಳೆಯ ಉದ್ಯೋಗ ಮರಳಿ ದೊರೆಯುತ್ತದೆ. ಕಂಪನಿಯಲ್ಲಿ ಕಾಲಿನಿಂದ ತಿದಿಯೊತ್ತುವ ಪೇಟಿಯನ್ನು ನುಡಿಸಿದವರಿಗೆ ಗಾಲಿಗಿಂತ ಎಕ್ಸ್‌ಪ್ರೆಷನ್ ಪೆಡಲು ಹಿತ. ಅದಕ್ಕೆ ಕೀಬೋರ್ಡಿನ ಹಿಂದೆ ಬೇರೆಯೇ ರಂಧ್ರವಿರಬೇಕು. 'ಸಸ್ಟೇನ್' ಎಂದು ಬರೆದಿರುವ ರಂಧ್ರವನ್ನು ತೋರಿಸಿ ಮಾರುವವರ ಮಾತಿಗೆ ಮರುಳಾಗಬಾರದು. ಸಾಮಾನ್ಯವಾಗಿ ಅದಕ್ಕೆ ಸೇರುವುದು ಹೊತ್ತಿಸಿ ಆರಿಸುವ ಸ್ವಿಚ್ಚಿನಂಥ ಪೆಡಲು, ತಿದಿಯಲ್ಲ.

ಮೊದಲನೆಯ ಗಾಲಿ ಸ್ವರವನ್ನು ಜಾರಿಸುವುದಕ್ಕೆ. ಪೇಟಿಯ ಮೇಲೆ ಪಂಡಿತರಿಗಿದ್ದ ದೊಡ್ಡ ಸಿಟ್ಟೇ ಅದು ಮೀಂಡನ್ನು ಹುಟ್ಟಿಸಲಾರದೆಂಬುದು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಪೇಟಿಯನ್ನು ಹೊರಗಟ್ಟಿತು. ಆ ಬಹಿಷ್ಕಾರ ಸಡಿಲಗೊಂಡದ್ದು 1971ರಲ್ಲಿ. ಇನ್ನೊಂದು ಆಕ್ಷೇಪವೂ ಇತ್ತು: ಪೇಟಿಯ ಹನ್ನೆರಡು ಸ್ವರಗಳು ಸಮನಾಗಿ ಹಂಚಿದವು, ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಅದಕ್ಕಿಂತ, ಅರ್ಧ ಸ್ವರದ ನೂರರಲ್ಲಿ ಸುಮಾರು 14 ಪಾಲಿನಷ್ಟು ತಗ್ಗಿನಲ್ಲಿರುತ್ತದೆ. ರೀಡನ್ನು ಕೆರೆದು ಪೇಟಿಯ ಶ್ರುತಿಯನ್ನು ತಿದ್ದಿದರೆ ಅದು ಒಂದೇ ಷಡ್ಜಕ್ಕೆ ಸರಿಹೊಂದೀತು. ಬಾಯಿಲ್ಲದ ಪೇಟಿಗೆ ಈ ಕಷ್ಟವಿಲ್ಲ. ಒಳ್ಳೆಯ ತಂತ್ರಾಂಶದಲ್ಲಿ ಗಾಂಧಾರವೊಂದನ್ನೇ ಇಳಿಸಬಹುದು, ನಾಳೆ ಷಡ್ಜ ಬದಲಾದರೆ ಅದನ್ನೂ ಬದಲಿಸಬಹುದು. ಇಷ್ಟಾದರೂ 1991ರಲ್ಲಿ ಗೊತ್ತುಮಾಡಿದ ಮಿಡಿಯ 128 ದನಿಗಳ ಸಾಮಾನ್ಯ ಯಾದಿಯಲ್ಲಿ ಸಿತಾರಕ್ಕೂ ಶಹನಾಯಿಗೂ ಜಾಗವಿದೆ, ನಮ್ಮ ಹಾರ್ಮೋನಿಯಮ್ಮಿಗಿಲ್ಲ! 21ನೆಯ ಸಂಖ್ಯೆಯ ರೀಡ್ ಆರ್ಗನ್ ಅದರ ದೂರದ ನೆಂಟ. ನಿಜವಾದ ಪೇಟಿಯ ದನಿಯನ್ನು ಬೇರೆಯಾಗಿ ಸಂಪಾದಿಸಿಕೊಳ್ಳಬೇಕು.

ಒತ್ತಿದ ಮೇಲೆ ದನಿ ತಡವಾಗಿ ಬರುತ್ತದೆಂದು ಕೀಬೋರ್ಡನ್ನು ದೂರುವವರಿದ್ದಾರೆ. ಆ ತಪ್ಪು ಬಹುಮಟ್ಟಿಗೆ ಕಂಪ್ಯೂಟರಿನದು. ದನಿಯ ತುಣುಕುಗಳನ್ನು ಅದು 1024ರಂತೆ ಕೂಡಿಟ್ಟು ಹೊರಬಿಟ್ಟರೆ ಅಷ್ಟಕ್ಕೇ ಸೆಕೆಂಡಿನ ಸಾವಿರದಲ್ಲಿ 23 ಪಾಲು ತಡ. 128ಕ್ಕೆ ಇಳಿಸಿದರೆ ಮೂರು ಪಾಲೂ ಇಲ್ಲ. ಕೀಬೋರ್ಡಿನ ಮೇಲಿನ ಬಣ್ಣದ ದೀಪಗಳಿಗೆ ಸುರಿಯುವ ಹಣವನ್ನು ಒಳ್ಳೆಯದೊಂದು ಆಡಿಯೋ ಇಂಟರ್‌ಫೇಸಿಗೆ ಹಾಕುವುದು ಜಾಣತನ.

ಏನನ್ನೂ ಕೊಳ್ಳುವ ಮೊದಲು ಮನೆಯ ಅಟ್ಟವನ್ನೊಮ್ಮೆ ನೋಡಬೇಕು. ಮಕ್ಕಳಿಗೆಂದು ತಂದು, ಎರಡು ಹಾಡು ಕಲಿತ ಮೇಲೆ ಮೂಲೆ ಸೇರಿದ ಕೀಬೋರ್ಡುಗಳು ಮಧ್ಯಮ ವರ್ಗದ ಮನೆಗಳಲ್ಲಿ ಬೇಕಾದಷ್ಟಿವೆ. ಯಾವ ಕಂಪನಿಯದಾದರೂ ಜನ ಅದನ್ನು 'ಕ್ಯಾಸಿಯೋ' ಎಂದೇ ಕರೆಯುತ್ತಾರೆ. ಅದರ ಬೆನ್ನಿನಲ್ಲಿ ಯುಎಸ್‌ಬಿ ರಂಧ್ರವಾಗಲಿ, ಐದು ಸೂಜಿಗಳ ದುಂಡನೆಯ ಮಿಡಿ ರಂಧ್ರವಾಗಲಿ ಇದ್ದರೆ ಅದನ್ನೇ ಕಂಪ್ಯೂಟರಿಗೆ ಜೋಡಿಸಿ ನೋಡಬಹುದು. ಎಷ್ಟೋ ಜನರ ಖರೀದಿ ಅಲ್ಲಿಗೇ ಮುಗಿಯುತ್ತದೆ.

ಇಳಕಲ್ಲಿನ ಮನೆಯಲ್ಲಿ ಅಂಥ ಅಟ್ಟವಿರಲಿಲ್ಲ. ಪುಟ್ಟ ಕೀಬೋರ್ಡು ಹಿಂದಿರುಗಿ, ಇನ್ನಷ್ಟು ಹಣ ಸೇರಿಸಿದ ಮೇಲೆ ಎರಡು ಗಾಲಿಗಳ 37 ಪಟ್ಟಿಯದು ಬಂದಿತು. ಮೊಮ್ಮಗನು ರಭಸದ ಲೆಕ್ಕವನ್ನು ತೆಗೆದುಹಾಕಿ, ಗಾಲಿಯನ್ನು ದನಿಗೆ ಜೋಡಿಸಿ, ಅಜ್ಜನ ಎಡಗೈಯನ್ನು ಹಿಡಿದು ಅದರ ಮೇಲಿಟ್ಟನು. ಅಜ್ಜನವರು ಗಾಲಿಯನ್ನು ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ತಿರುಗಿಸಿ, ಕರಿ ನಾಲ್ಕನ್ನು ಒತ್ತಿ, ದನಿ ತುಂಬಿ ತಗ್ಗುವುದನ್ನು ಬಹಳ ಹೊತ್ತು ಕೇಳಿದರು. ಮಗ್ಗದ ಮೇಲಿದ್ದ ಮಗ ಕೈ ನಿಲ್ಲಿಸಿ ಕೇಳಿದನು:

"ಅಪ್ಪಾ, ಮಗ್ಗ ನಿಂದರಸ್ಲೇನು?"

"ಬ್ಯಾಡ, ನಡೀಲಿ. ಇದಕ್ಕ ಕಿವಿ ಇಲ್ಲಂತ."