ಮುಖಕ್ಕೆ ಬಣ್ಣ ಬೇಡ, ಬೆಳಕು ಬೇಕು

ಕೋಟನೂರದ ಬಯಲಿನಲ್ಲಿ ಖೊಖೊ ಆಡುವ ಹುಡುಗಿಯೊಬ್ಬಳ ಫೋಟೊ ತೆಗೆದಿದ್ದೆವು. ಮಧ್ಯಾಹ್ನ 12ರ ಬಿಸಿಲು. ಕಣ್ಣಿನ ಗುಳಿ ಕಪ್ಪು, ಮೂಗಿನ ಕೆಳಗೆ ಕಪ್ಪು, ಹಣೆ ಮೇಲೆ ಬೆವರಿನ ಹೊಳಪು. ಸುದ್ದಿ ಕಳಿಸುವ ಅವಸರದಲ್ಲಿದ್ದೆವು. ಮೊಬೈಲ್ ಆ್ಯಪ್‌ನಲ್ಲಿ ಮುಖ ಬೆಳ್ಳಗೆ ಮಾಡಿ ಕಳಿಸಿಬಿಟ್ಟೆವು. ಅಚ್ಚಾದ ಫೋಟೊ ನೋಡಿ ಹುಡುಗಿ ಹೇಳಿದ್ದು ಒಂದೇ ಮಾತು: "ಸರ್, ಇಕಿ ನಾ ಅಲ್ರೀ."

ತಪ್ಪು ನಮ್ಮದೇ. ಕೊರತೆ ಇದ್ದದ್ದು ಬೆಳಕಿನಲ್ಲಿ, ನಾವು ತಿದ್ದಿದ್ದು ಅವಳ ಬಣ್ಣವನ್ನು.

ಇದು ಹಳೆಯ ರೋಗ. ಕೊಡಕ್ ಕಂಪನಿ ದಶಕಗಳ ಕಾಲ ಬಣ್ಣದ ಫೋಟೊ ಸರಿ ಬಂದಿದೆಯೇ ಎಂದು ನೋಡಲು ಬಿಳಿ ಚರ್ಮದ ಹೆಣ್ಣುಮಗಳ ಚಿತ್ರವಿದ್ದ 'ಶರ್ಲಿ ಕಾರ್ಡ್' ಬಳಸುತ್ತಿತ್ತು. ಅವಳ ಮುಖ ಚೆಂದ ಬಂದರೆ ಫೋಟೊ ಸರಿ! ಕಪ್ಪು ಮುಖಗಳು ಮಸುಕಾಗುತ್ತಿದ್ದವು. ಇಂದು ಆ ಕಾರ್ಡ್ ಇಲ್ಲ, ಆದರೆ ಅದೇ ಬುದ್ಧಿ ಬ್ಯೂಟಿ ಫಿಲ್ಟರ್ ಆಗಿ ನಮ್ಮ ಜೇಬಿಗೆ ಬಂದಿದೆ. ಎರೆ ಹೊಲದ ಬಿಸಿಲಲ್ಲಿ ಬೆಳೆದ ಮಕ್ಕಳನ್ನು ಸುಣ್ಣ ಬಳಿದಂತೆ ತೋರಿಸುತ್ತದೆ.

ನಮ್ಮ ಅಭಿಪ್ರಾಯ ಇಷ್ಟೇ: ಆಟಗಾರರ ಫೋಟೊ ತೆಗೆಯುವಾಗ ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ, ಪಕ್ಕಕ್ಕೆ ಇಡೋಣ.

ಕ್ಯಾಮೆರಾ ಮೇಲೆಯೇ ಇದ್ದರೆ ಆಗದೇ? ಆಗ ಬೆಳಕು ನೇರ ಮುಖಕ್ಕೆ ಬಡಿದು ಮುಖ ಗೋಡೆಗೆ ಅಂಟಿಸಿದ ಪೋಸ್ಟರ್ ಥರ ಚಪ್ಪಟೆಯಾಗುತ್ತದೆ. ಓರೆಯಾಗಿ ಬಿದ್ದರೆ ಕೆನ್ನೆಯ ಏರು, ಭುಜದ ಕಸುವು, ಮೊಣಕೈಗೆ ಮೆತ್ತಿದ ಮಣ್ಣು ಎಲ್ಲ ಎದ್ದು ಕಾಣುತ್ತವೆ. ಕಪ್ಪು ಮೈಗೆ ಓರೆ ಬೆಳಕು ಇನ್ನೂ ಚೆಂದ, ಬೆವರು ಕೂಡ ಮಿಂಚುತ್ತದೆ.

ಮಾಡುವ ಬಗೆ ಸುಲಭ. ಆಟಗಾರರ ಬೆನ್ನು ಸೂರ್ಯನ ಕಡೆ ಇರಲಿ. ಆಗ ಕಣ್ಣು ಕಿರಿದಾಗುವುದಿಲ್ಲ, ತಲೆ ಮತ್ತು ಭುಜದ ಅಂಚಿಗೆ ಬಿಸಿಲಿನ ಗೆರೆ ಸಿಗುತ್ತದೆ. ಮೊದಲು ಫ್ಲ್ಯಾಶ್ ಇಲ್ಲದೆ, ಆಕಾಶ ನೀಲಿಯಾಗಿ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಮುಖ ಕತ್ತಲಾಗುತ್ತದೆ, ಆಗಲಿ. ಈಗ ಫ್ಲ್ಯಾಶನ್ನು ಸ್ಟ್ಯಾಂಡ್‌ಗೆ ಹಾಕಿ, ಮುಖಕ್ಕಿಂತ ಸ್ವಲ್ಪ ಮೇಲೆ, ಪಕ್ಕದಿಂದ 45 ಡಿಗ್ರಿ ಓರೆಯಲ್ಲಿ ಇಡಿ. ಕ್ಯಾಮೆರಾ ಮೇಲಿನ ಟ್ರಿಗರ್ ಅದನ್ನು ಹೊತ್ತಿಸುತ್ತದೆ.

ಎರಡು ಮಾತು ನೆನಪಿಡಿ. ಒಂದು, ಹೆಚ್ಚಿನ ಕ್ಯಾಮೆರಾಗಳಲ್ಲಿ ಶಟರ್ ವೇಗ 1/200ರ ಆಸುಪಾಸು ದಾಟಿದರೆ ಫೋಟೊದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಹೈಸ್ಪೀಡ್ ಸೌಲಭ್ಯವಿದ್ದರೆ ಬರುವುದಿಲ್ಲ, ಆದರೆ ಫ್ಲ್ಯಾಶ್‌ನ ಬಲ ಕುಗ್ಗುತ್ತದೆ. ಎರಡು, ಫ್ಲ್ಯಾಶನ್ನು ಅರ್ಧ ದೂರಕ್ಕೆ ತಂದರೆ ಬೆಳಕು ನಾಲ್ಕು ಪಟ್ಟು. ಮಧ್ಯಾಹ್ನ ಐಎಸ್‌ಒ 100, ಶಟರ್ 1/200, ಅಪರ್ಚರ್ 16 ಇಟ್ಟರೆ ಚಿಕ್ಕ ಫ್ಲ್ಯಾಶನ್ನು ಪೂರ್ತಿ ಬಲದಲ್ಲಿ ನಾಲ್ಕೈದು ಅಡಿ ಹತ್ತಿರ ತರಲೇಬೇಕು. ಸೂರ್ಯ ಇಳಿದ ಮೇಲೆ ಕಾಲು ಭಾಗದ ಬಲವೇ ಸಾಕಾದೀತು. ಅದಕ್ಕೇ ನಮ್ಮ ಆಯ್ಕೆ ಸಂಜೆ ಐದೂವರೆ.

ಬಯಲಲ್ಲಿ ಗಾಳಿ ಇರುತ್ತದೆ. ಛತ್ರಿ ಹಾಕಿದರೆ ಸ್ಟ್ಯಾಂಡ್ ಸಮೇತ ಮಗುವಿನ ಮೇಲೆ ಬಿದ್ದೀತು. ಕಾಲಿಗೆ ಮರಳು ಚೀಲ ಕಟ್ಟಿ, ಇಲ್ಲವೇ ಒಬ್ಬ ಗೆಳೆಯನ ಕೈಗೆ ಫ್ಲ್ಯಾಶ್ ಕೊಡಿ.

ಮೊಬೈಲ್ ಮಾತ್ರ ಇದೆಯೇ? ಬಿಳಿ ಥರ್ಮಾಕೋಲ್ ಹಾಳೆ ತನ್ನಿ. ಅದೂ ಇಲ್ಲದಿದ್ದರೆ ಇಬ್ಬರು ಹುಡುಗರು ಬಿಳಿ ಧೋತರ ಬಿಗಿಯಾಗಿ ಹಿಡಿಯಲಿ. ಅದಕ್ಕೆ ಬಡಿದ ಬಿಸಿಲು ಮುಖಕ್ಕೆ ಮರಳಿ ಬೀಳುತ್ತದೆ. ಇದೂ ಕ್ಯಾಮೆರಾದ ಹೊರಗಿನ ಬೆಳಕೇ.

"ಸುದ್ದಿ ಫೋಟೊಕ್ಕೆ ಇಷ್ಟೆಲ್ಲ ಯಾಕೆ? ಇದು ನಾಟಕವಾಗುತ್ತದೆ" ಎಂದು ಕೆಲವು ಗೆಳೆಯರು ಹೇಳುತ್ತಾರೆ. ಆಟ ನಡೆಯುವಾಗ ಅವರ ಮಾತು ಸರಿ. ರೇಡ್‌ಗೆ ನುಗ್ಗುವವನ ಕಣ್ಣಿಗೆ ಫ್ಲ್ಯಾಶ್ ಹೊಡೆಯಲೇಬಾರದು. ಆದರೆ ಆಟ ಮುಗಿದ ಮೇಲೆ, ತಾನಾಗಿ ನಿಂತವರ ಭಾವಚಿತ್ರ ಬೇರೆ. ಬೆಳಕು ಇದ್ದದ್ದನ್ನು ತೋರಿಸುತ್ತದೆ, ಫಿಲ್ಟರ್ ಇದ್ದದ್ದನ್ನು ಅಳಿಸುತ್ತದೆ. ನಾಟಕ ಯಾವುದು, ನೀವೇ ಹೇಳಿ.

ಮಕ್ಕಳ ಫೋಟೊ ಎಂದ ಮೇಲೆ ಬೆಳಕಿಗಿಂತ ಮೊದಲು ಒಪ್ಪಿಗೆ. 18 ತುಂಬದವರಾದರೆ ತಂದೆ-ತಾಯಿಯನ್ನು ಕೇಳಿ. ಹೆಣ್ಣುಮಕ್ಕಳ ಜೊತೆ ತಾಯಿಯೋ ಶಿಕ್ಷಕಿಯೋ ಇರಲಿ. ಕಳಿಸುವ ಮೊದಲು ಅವರಿಗೇ ತೋರಿಸಿ. ಬೇಡ ಎಂದರೆ ಅಳಿಸಿ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆಯಿತು. ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಬಯಲಿನಿಂದ ಅಲ್ಲಿಯವರೆಗೆ ದಾರಿ ಇದೆ ಎಂದಾಯಿತು. ನಾಳೆ ಕೋಟನೂರದವಳೋ ಕಮಲಾಪುರದವನೋ ಆ ದಾರಿ ಹಿಡಿದರೆ, ಚಿಕ್ಕಂದಿನದು ಎಂದು ತೋರಿಸಲು ಒಂದು ನಿಜವಾದ ಮುಖ ಬೇಡವೇ? ನಮ್ಮ ಕ್ರೀಡಾಕೂಟಗಳಲ್ಲಿ ಬೆಳಕೆಲ್ಲ ವೇದಿಕೆ ಮೇಲಿನ ಅತಿಥಿಗಳಿಗೆ, ಕಪ್ ತಗೊಳ್ಳುವ ಮಕ್ಕಳದ್ದು ಬರೀ ಬೆನ್ನು.

ಖರ್ಚಿನ ಮಾತಿಗೆ ಒಂದು ದಾರಿ ಇದೆ. ಮದುವೆ ಫೋಟೊ ತೆಗೆಯುವವರ ಬಳಿ ಫ್ಲ್ಯಾಶ್, ಸ್ಟ್ಯಾಂಡ್, ಟ್ರಿಗರ್ ಎಲ್ಲ ಇರುತ್ತವೆ. ಆಷಾಢದಲ್ಲಿ ಮದುವೆ ಇಲ್ಲ, ಸಾಮಾನು ಮೂಲೆಯಲ್ಲಿ ಕೂತಿರುತ್ತದೆ. ಶಾಲಾ ಕ್ರೀಡಾಕೂಟಗಳು ಶುರುವಾಗುವುದೂ ಅದರ ಬೆನ್ನಿಗೇ. ಒಂದು ಸಂಜೆ, ಎರಡು ತಾಸು ಕೇಳಿ ನೋಡಿ.

ನಾವು ಆ ಹುಡುಗಿಯ ಬಳಿ ಮತ್ತೆ ಹೋದೆವು. ತಾಯಿಯೂ ಜೊತೆಗಿದ್ದರು. ಹೊಸ ಫೋಟೊವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು. "ಹುಬ್ಬಿನ ಮ್ಯಾಲಿನ ಗಾಯನೂ ಬಂದದ ನೋಡವ್ವ" ಎಂದು ನಕ್ಕಳು. ಆ ಗಾಯವನ್ನು ನಾವು ಮೊದಲ ಸಲ ಆ್ಯಪ್‌ನಲ್ಲಿ ಒರೆಸಿ ಹಾಕಿದ್ದೆವು.