ಗಾಲಿ ಮೇಲಿನ ಸಂಸಾರ

ಈಗೆಲ್ಲ ಶೂಟಿಂಗ್ ನಡೆಯುವಲ್ಲಿಗೆ ಹೋದರೆ ಕ್ಯಾಮೆರಾಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕ್ಯಾರವಾನ್. ಒಳಗೆ ಎ.ಸಿ., ಕನ್ನಡಿ, ಸೋಫಾ, ಕಕ್ಕಸು! 1972ರಲ್ಲಿ ತೆರೆಕಂಡ ‘ನಾಗರಹಾವು’ ಚಿತ್ರಕ್ಕಾಗಿ ಪುಟ್ಟಣ್ಣ ಕಣಗಾಲ್ ಚಿತ್ರದುರ್ಗದ ಕೋಟೆ ಹತ್ತಿದಾಗ ಇಂಥ ಗಾಡಿ ನಮ್ಮ ಚಿತ್ರರಂಗಕ್ಕೆ ಬಂದಿರಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 1971ರಲ್ಲಿ, ಹಿಂದಿಯಲ್ಲಿ ‘ಕಾರವಾನ್’ ಅಂತಲೇ ಒಂದು ಚಿತ್ರ ಬಂದಿತ್ತು. ಆಶಾ ಪಾರೇಖ್, ಜಿತೇಂದ್ರ, ಊರೂರು ಅಲೆಯುವ ತಂಡ, ಹಾಡಿನ ಮೇಲೆ ಹಾಡು. ಓದುಗ ಮಹಾಶಯರೇ, ಅದರಲ್ಲಿ ಕುಡಿಯುವ ನೀರಿನ ಡ್ರಮ್ಮು ಎಲ್ಲಿತ್ತು ಅಂತ ನಿಮ್ಮಲ್ಲಿ ಯಾರಿಗಾದರೂ ನೆನಪಿದೆಯೇ?

ನಮ್ಮ ಅಕ್ಕನ ಮಗ ಹಳೇ ವ್ಯಾನೊಂದನ್ನು ಕೊಳ್ಳದೇ ಇದ್ದಿದ್ದರೆ ನಾನೂ ಈ ಪ್ರಶ್ನೆ ಕೇಳುತ್ತಿರಲಿಲ್ಲ.

ಹಿರಿಯೂರಿನ ಹುಡುಗ. ವ್ಯಾನಿನೊಳಗೆ ಮಂಚ, ಗ್ಯಾಸ್ ಒಲೆ, ಮಾಡಿನ ಮೇಲೆ ಸೋಲಾರ್ ಹಲಗೆ ಹಾಕಿಸಿ, ಹೆಂಡತಿ, ಎರಡು ಮಕ್ಕಳನ್ನು ಕೂರಿಸಿಕೊಂಡು ಹೊರಟೇಬಿಟ್ಟ. ಅಕ್ಕ ಅಳುತ್ತಾ ಫೋನ್ ಮಾಡಿದಳು: “ಕರೆಂಟಿಲ್ಲ, ನೆರೆಹೊರೆ ಇಲ್ಲ, ಕಾಡಿನಾಗೆ ಕುಂತವ್ನೆ. ನಿನ್ನ ಮಾತಾದ್ರೂ ಕೇಳ್ತಾನೆ, ಹೋಗಿ ಹೇಳಿ ಬಾರೋ.”

ಕಾಡು ಎಂದರೆ ಮಲೆನಾಡಿನ ಕಾಡಲ್ಲ. ಹೊಸದುರ್ಗ–ಹೊಳಲ್ಕೆರೆ ರಸ್ತೆಯಿಂದ ಒಳಕ್ಕೆ, ಜಾಲಿ, ತಂಗಡಿ, ಕಲ್ಲುಗುಡ್ಡ. ಗಾಡಿ ನಿಲ್ಲಿಸಿದ್ದು ಕಾಡಂಚಿನ ಒಬ್ಬ ಸ್ನೇಹಿತನ ಜಮೀನಿನಲ್ಲಿ. ಅಷ್ಟರ ಮಟ್ಟಿಗೆ ಬುದ್ಧಿವಂತ. ಕಾಯ್ದಿಟ್ಟ ಅರಣ್ಯದೊಳಗೆ ಕೇಳದೆ ಬಿಡಾರ ಹೂಡಿದರೆ ಕೇಸು ಬೀಳುತ್ತದೆ. ಚಿತ್ರದುರ್ಗದ ಜೋಗಿಮಟ್ಟಿಯಂತೂ ವನ್ಯಜೀವಿಧಾಮ. ಚಿರತೆ, ಕರಡಿಗಳ ಮನೆ ಅದು. ವ್ಯಾನಿನ ಒಡಲು ಬದಲಿಸುವುದಕ್ಕೂ ಆರ್‌.ಟಿ.ಓ. ಒಪ್ಪಿಗೆ ಬೇಕು. ಅದನ್ನೂ ಮಾಡಿಸಿದ್ದ.

ಸೋಲಾರಿನ ಲೆಕ್ಕ ಕೇಳಿ. 100 ವ್ಯಾಟಿನ ಹಲಗೆ. ಒಳ್ಳೆ ಬಿಸಿಲಿನ ದಿನ ಕೈಗೆ ಬರುವುದು ಅರ್ಧ ಯೂನಿಟ್ಟಿಗಿಂತ ಕಡಿಮೆ. ಮೂರು ಸಣ್ಣ ದೀಪ, ರಾತ್ರಿ ಒಂದು ಪುಟ್ಟ ಫ್ಯಾನು, ಎರಡು ಮೊಬೈಲು. ಅಲ್ಲಿಗೆ ಮುಗಿಯಿತು. ಮಿಕ್ಸಿ ಮನೆಗೆ ವಾಪಸ್ಸು, ಚಟ್ನಿಗೆ ಒರಳುಕಲ್ಲು ಬಂತು. ಆ ಚಟ್ನಿ ಮಾತ್ರ ಆಹಾ!

ಆದರೆ ಸಂಸಾರ ನಿಂತಿದ್ದು ಕರೆಂಟಿನ ಮೇಲಲ್ಲ ಮಾರಾಯರೇ, ನೀರಿನ ಮೇಲೆ. 200 ಲೀಟರಿನ ಡ್ರಮ್ಮು. ನಾಲ್ಕು ಜನಕ್ಕೆ ತಲೆಗೆ 40 ಲೀಟರ್ ಅಂದರೂ ಮಾರನೇ ದಿನಕ್ಕೇ ತಳ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು, ತಟ್ಟೆಯ ಬದಲು ಮುತ್ತುಗದ ಎಲೆ ಹಾಕಿ ಮೂರು ದಿನ ಎಳೆಯುತ್ತಿದ್ದರು. ಆಮೇಲೆ ವ್ಯಾನು ಹೊರಡಬೇಕು, ಎರಡು ಮೈಲಿ ಆಚೆಯ ತೋಟದ ಬೋರ್‌ವೆಲ್ಲಿಗೆ. ಊರೂರು ಸುತ್ತುವ ಗಾಡಿ ನೀರಿನ ಟ್ಯಾಂಕರ್ ಆಗಿತ್ತು! ನಮ್ಮ ಸೀಮೆಯೇ ಹಾಗೆ. ಹಿರಿಯೂರಿನ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ ಕಾದ ನಾಡಿನಲ್ಲಿ ಡ್ರಮ್ಮಿನ ಬೆಲೆ ಯಾರಿಗೂ ಹೇಳಿಕೊಡಬೇಕಾಗಿಲ್ಲ.

“ಹೆಂಗೈತಮ್ಮ?” ಅಂತ ಸೊಸೆಯನ್ನು ಕೇಳಿದೆ. ಗಂಡ ಸೌದೆಗೆ ಹೋಗಿದ್ದ. ಅವಳು ಆ ರಾತ್ರಿಯ ಕತೆ ಹೇಳಿದಳು.

ಚಿಕ್ಕ ಮಗನಿಗೆ ಚೇಳು ಕಚ್ಚಿತ್ತು. ರಾತ್ರಿ ಹನ್ನೊಂದು. ವ್ಯಾನು ಸ್ಟಾರ್ಟ್ ಆಗಲಿಲ್ಲ. ಮೋಡ ಕವಿದು ಸೋಲಾರ್ ಕೈಕೊಟ್ಟಿದ್ದರಿಂದ ಎರಡು ದಿನ ಗಾಡಿಯ ಬ್ಯಾಟರಿಯಿಂದಲೇ ದೀಪ, ಫ್ಯಾನು ಉರಿಸಿದ್ದ ನಮ್ಮ ಹುಡುಗ. (ಗಾಡಿಯಲ್ಲಿ ಮನೆ ಮಾಡುವವರಿದ್ದರೆ ಕೇಳಿರಿ: ಮನೆಯ ಬ್ಯಾಟರಿ ಬೇರೆ, ಎಂಜಿನ್ನಿನ ಬ್ಯಾಟರಿ ಬೇರೆ ಇರಲೇಬೇಕು.) ಇವಳು ಬ್ಯಾಟರಿ ಹಿಡಿದು ಎರಡು ಮೈಲಿ ಓಡಿದ್ದಾಳೆ. ತೋಟದವರು ಬೈಕಿನಲ್ಲಿ ಬಂದು ಮಗುವನ್ನು ಹೊಳಲ್ಕೆರೆ ಆಸ್ಪತ್ರೆಗೆ ಮುಟ್ಟಿಸಿದರು. ಮಗು ಉಳಿಯಿತು.

“ಅವ್ರು ಯಾಕೆ ಬಂದ್ರು ಗೊತ್ತಾ ಮಾವ? ನೀರಿಗೆ ಹೋದಾಗೆಲ್ಲ ಅವ್ರ ಮನೆ ಹೆಂಗಸರಿಗೆ ನಾನು ಜಾಕೀಟು ಹೊಲಿದುಕೊಡ್ತಿದ್ದೆ. ನನ್ನ ಹೆಸರು ಅವ್ರಿಗೆ ಗೊತ್ತಿತ್ತು.”

ಈ ಮಾತು ಕೇಳಿದ ಮೇಲೆ ನನಗೆ ಈ ಸೀಮೆಯ ಹಳೇ ಗಾಲಿ ಸಂಸಾರಗಳು ನೆನಪಾದವು. ಲಂಬಾಣಿಗಳನ್ನು ನೋಡಿ. ಹೊಸದುರ್ಗ, ಹೊಳಲ್ಕೆರೆ ಸೀಮೆಯ ತಾಂಡಾಗಳಲ್ಲಿ ಇವತ್ತು ಮನೆ ಕಟ್ಟಿಕೊಂಡಿರುವವರ ಹಿರೀಕರು ಎತ್ತಿನ ಬೆನ್ನಿಗೆ ಉಪ್ಪು, ದವಸ ಹೇರಿ, ಹೆಂಡತಿ ಮಕ್ಕಳ ಸಮೇತ ಕಾಡು ದಾಟಿದವರು. ರೈಲು ಬಂದು ಅವರ ವ್ಯಾಪಾರ ಕಿತ್ತುಕೊಂಡಿತು. ಬ್ರಿಟಿಷರು 1871ರ ಕಾಯಿದೆಯಲ್ಲಿ ಅಲೆಮಾರಿಗಳಿಗೆ ಕಳ್ಳರೆಂಬ ಹಣೆಪಟ್ಟಿ ಬರೆದರು. ಆದರೆ ಅವರು ಒಂಟಿ ಸಂಸಾರವಾಗಿ ಹೊರಟವರಲ್ಲ, ತಾಂಡಾ ಪೂರ್ತಿ ಹೊರಡುತ್ತಿತ್ತು. ಕಾಡುಗೊಲ್ಲರ ಹಟ್ಟಿಯೂ ಅಷ್ಟೆ. ಮುಳ್ಳುಬೇಲಿ ಒಂದೇ, ಅದರೊಳಗೆ ಗುಡಿಸಲು ಹಲವು. (ಆ ಬೇಲಿ ಬಾಣಂತಿಯರನ್ನು ಹೊರಗೆ ದೂಡಿದ್ದೂ ಉಂಟು. ಅದನ್ನು ನಾನು ಹೊಗಳಲಾರೆ.) ಕುರಿಗಾಹಿಗಳು ಹೊಲದಲ್ಲಿ ಮಂದೆ ತರುಬಿ ಗೊಬ್ಬರ ಕೊಡುತ್ತಾರೆ, ರೈತ ಕಾಳೋ ಕಾಸೋ ಕೊಡುತ್ತಾನೆ. ಈ ಕೊಡುಕೊಳ್ಳುವಿಕೆ ಇಲ್ಲದೆ ಬಯಲಲ್ಲಿ ಒಂದು ರಾತ್ರಿಯೂ ಕಳೆಯಲಾಗದು. ನಮ್ಮ ಹುಡುಗನ ವ್ಯಾನಿನಲ್ಲಿ ಎಲ್ಲವೂ ಇತ್ತು. ಇದನ್ನು ಸೇರಿಸಿದವಳು ಅವನ ಹೆಂಡತಿ, ಹೊಲಿಗೆ ಮಿಷಿನ್ನಿನಿಂದ. ಹೊರಡುವಾಗ “ಜಾಗ ಸಾಲದು” ಅಂತ ಅವನು ಬೇಡವೆಂದಿದ್ದ ಮಿಷಿನ್ನು ಅದು!

ಸಂಜೆ ಅವನು ಸೌದೆ ಇಳಿಸಿದ ಮೇಲೆ ಅಕ್ಕನ ಮಾತು ತೆಗೆದೆ. ಮನೆಗೆ ಬಾ ಅನ್ನಲಿಲ್ಲ. ಮಕ್ಕಳು ಮೈಕೈ ಗಟ್ಟಿಯಾಗಿದ್ದವು, ಹಕ್ಕಿ ಹೆಸರು ಪಟಪಟ ಹೇಳುತ್ತಿದ್ದವು. ಅದನ್ನು ಸುಳ್ಳೆನ್ನಲಿ ಹೇಗೆ? “ದೊಡ್ಡವಳಿಗೆ ಜೂನಿಗೆ ಆರು ತುಂಬುತ್ತೆ, ಸ್ಕೂಲು ಎಲ್ಲಿ?” ಅಂತಷ್ಟೇ ಕೇಳಿದೆ. ತೋಟದವರು ತಮ್ಮ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿಕೊಳ್ಳಿ ಅಂದಿದ್ದಾರಂತೆ. ಅಲ್ಲಿಂದ ಶಾಲೆ ಹತ್ತಿರ.

“ಅಲ್ಲಿ ಕರೆಂಟ್ ಕಂಬ ಐತೆ ಮಾವ. ಆಮೇಲೆ ಇದು ಕಾಡಿನ ಬದುಕು ಹೆಂಗಾಗುತ್ತೆ?” ಅಂದ.

ಸೊಸೆ ಒಲೆ ಊದುತ್ತಾ ತಲೆ ಎತ್ತದೆ ಹೇಳಿದಳು: “ಕಂಬ ನೋಡಬೇಡಿ, ಬಾವಿ ನೋಡಿ. ಮಿಷಿನ್ನು ಆಗಲೇ ಅಲ್ಲೇ ಬಿಟ್ಟು ಬಂದಿದೀನಿ.”